ಎಲಿಸ್ ಚೆಸ್‌ಬ್ರೊ: ತೇವಕ್ಕೂ ಬೆಂಕಿಗೂ ನಡುವೆ ಶಿಕಾಗೊ

ತೇವ ಮತ್ತು ಬೆಂಕಿ ಮನುಷ್ಯನ ಮನೆಯನ್ನು ಮೊದಲಿನಿಂದಲೂ ಬಿಡದೆ ಕಾಡಿರುವ ಎರಡು ಅಪಾಯಗಳು. ತೇವ ವರ್ಷಗಟ್ಟಲೆ ಸದ್ದಿಲ್ಲದೆ ಗೋಡೆಯನ್ನು ತಿನ್ನುತ್ತದೆ. ಬೆಂಕಿ ಕೆಲವೇ ಗಂಟೆಗಳಲ್ಲಿ ಎಲ್ಲವನ್ನೂ ಮುಗಿಸುತ್ತದೆ. ವೈದ್ಯನಾದ ನನ್ನ ಕಣ್ಣಿಗೆ ಮೊದಲನೆಯದು ಕ್ಷಯದಂತೆ, ಎರಡನೆಯದು ಹೃದಯಾಘಾತದಂತೆ ಕಾಣುತ್ತದೆ. ಒಂದು ರೋಗಕ್ಕೆ ಕೊಟ್ಟ ಔಷಧ ಇನ್ನೊಂದನ್ನು ಕೆರಳಿಸಬಹುದೆಂಬುದು ನಮ್ಮ ವೃತ್ತಿಯ ದಿನನಿತ್ಯದ ಎಚ್ಚರಿಕೆ. ಕಟ್ಟಡಗಳ ವಿಷಯದಲ್ಲಿಯೂ ಅದೇ ಎಚ್ಚರಿಕೆ ಬೇಕೆಂಬುದಕ್ಕೆ ಶಿಕಾಗೊ ನಗರದ ಎಂಜಿನಿಯರ್ ಎಲಿಸ್ ಸಿಲ್ವೆಸ್ಟರ್ ಚೆಸ್‌ಬ್ರೊ ಅವರ ಜೀವನಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಾಣೆ. ಕೆಸರಿನಲ್ಲಿ ಹೂತಿದ್ದ ಒಂದು ನಗರವನ್ನು ಅವರ ಯೋಜನೆಯಂತೆ ಮೇಲಕ್ಕೆತ್ತಲಾಯಿತು. ಅದೇ ನಗರ ಅವರ ಕಣ್ಣೆದುರಿನಲ್ಲಿಯೇ ಸುಟ್ಟುಹೋಯಿತು. ಅದರ ಬಳಿಕವೂ ಅವರು ಕೆಲಸ ಬಿಡಲಿಲ್ಲ.

ಶಾಮ್‌ಬರ್ಗ್, ನೇಪರ್‌ವಿಲ್‌ಗಳಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ದಿನವೂ ತಿರುಗಿಸುವ ನಲ್ಲಿಗೂ, ಮಳೆಗಾಲದಲ್ಲಿ ಆತಂಕದಿಂದ ನೋಡುವ ನೆಲಮಾಳಿಗೆಗೂ ಈ ಮನುಷ್ಯನ ಕೆಲಸದೊಡನೆ ಸಂಬಂಧವಿದೆ. ನಮ್ಮಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಎಲ್ಲರಿಗೂ ಗೊತ್ತು. ಅವರು ಹುಟ್ಟುವ ಹೊತ್ತಿಗೆ ಚೆಸ್‌ಬ್ರೊ ಅವರ ದೊಡ್ಡ ಕೆಲಸದ ಮೊದಲ ಭಾಗ ಮುಗಿಯುತ್ತಾ ಬಂದಿತ್ತು. ಊರಿನ ನೀರು ಮತ್ತು ಕೊಳೆಯನ್ನು ಒಟ್ಟಾಗಿ ಯೋಚಿಸಿದ ಎಂಜಿನಿಯರುಗಳ ಸಾಲಿನಲ್ಲಿ ಇವರು ಹಿರಿಯರು.

ಶಾಲೆ ಬಿಟ್ಟ ಹುಡುಗ

ಚೆಸ್‌ಬ್ರೊ 1813ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ಪ್ರಾಂತದಲ್ಲಿ ಜನಿಸಿದರು. ತಂದೆಯ ವ್ಯವಹಾರ ಕೆಟ್ಟು ಮನೆಯ ಸ್ಥಿತಿ ಕುಸಿದದ್ದರಿಂದ ಎಳೆಯ ವಯಸ್ಸಿನಲ್ಲಿಯೇ ಶಾಲೆ ಬಿಟ್ಟು ದುಡಿಮೆಗೆ ಇಳಿಯಬೇಕಾಯಿತು. 1828ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ರೈಲುಮಾರ್ಗದ ಸರ್ವೆ ತಂಡವೊಂದರಲ್ಲಿ ಸರಪಳಿ ಹಿಡಿಯುವ ಕೆಲಸ ಸಿಕ್ಕಿತು. ಭೂಮಿ ಅಳೆಯುವ ಲೋಹದ ಸರಪಳಿಯ ಒಂದು ತುದಿ ಹಿಡಿದು ಗುಡ್ಡಗಾಡು ಅಲೆಯುವ ಕೆಲಸ ಅದು. ಆಗಿನ್ನೂ ಅಮೆರಿಕದಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ವಿರಳ. ಸೈನ್ಯದ ಎಂಜಿನಿಯರುಗಳ ಕೈಕೆಳಗೆ ದುಡಿಯುತ್ತಾ, ಹಗಲು ಮಟ್ಟ ನೋಡುವುದನ್ನೂ ರಾತ್ರಿ ಗಣಿತವನ್ನೂ ಕಲಿಯುತ್ತಾ ಅವರು ಬೆಳೆದರು. ಮುಂದೆ ಹಲವು ರೈಲುಮಾರ್ಗಗಳಲ್ಲಿ ದುಡಿದರು. ಕೆಲಸವಿಲ್ಲದ ಕಾಲದಲ್ಲಿ ರೈಲ್ವೆ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಕಸುಬು ಕಲಿತರು.

1846ರಲ್ಲಿ ಬಾಸ್ಟನ್ ನಗರದ ನೀರು ಸರಬರಾಜು ಕಾಮಗಾರಿಯ ಒಂದು ವಿಭಾಗಕ್ಕೆ ಮುಖ್ಯ ಎಂಜಿನಿಯರ್ ಆಗುವ ಆಹ್ವಾನ ಬಂದಿತು. ರೈಲಿನ ಮನುಷ್ಯ ನೀರಿನ ಮನುಷ್ಯನಾದದ್ದು ಹೀಗೆ. ಕೊಚಿಟುವೇಟ್ ಎಂಬ ಸರೋವರದಿಂದ ಇಟ್ಟಿಗೆಯ ಕಾಲುವೆಯ ಮೂಲಕ ತಂದ ನೀರು 1848ರ ಅಕ್ಟೋಬರಿನಲ್ಲಿ ಬಾಸ್ಟನ್ ತಲುಪಿತು. 1851ರಲ್ಲಿ ಅವರು ಆ ನಗರದ ಎಂಜಿನಿಯರ್ ಆದರು. ನಾಲ್ಕು ವರ್ಷಗಳ ನಂತರ ಶಿಕಾಗೊದಿಂದ ಕರೆ ಬಂದಿತು.

ಕೆಸರಿನ ಮೇಲೆ ಕಟ್ಟಿದ ಊರು

ಶಿಕಾಗೊ ಇರುವ ನೆಲ ಹಿಂದೊಮ್ಮೆ ಸರೋವರದ ತಳವಾಗಿತ್ತು. ಮೇಲೆ ತೆಳ್ಳನೆಯ ಮಣ್ಣು, ಕೆಳಗೆ ನೀರು ಇಂಗದ ಗಟ್ಟಿ ಜೇಡಿ. ಊರಿನ ಮಟ್ಟ ಮಿಷಿಗನ್ ಸರೋವರದ ನೀರಿನ ಮಟ್ಟಕ್ಕಿಂತ ಕೆಲವೇ ಅಡಿ ಮೇಲೆ. ಬಿದ್ದ ಮಳೆ ಇಂಗುವುದಿಲ್ಲ, ಹರಿಯಲು ಇಳಿಜಾರೂ ಇಲ್ಲ. ವಸಂತದಲ್ಲಿ ಹಿಮ ಕರಗಿದಾಗ ರಸ್ತೆಗಳಲ್ಲಿ ಗಾಡಿಗಳು ಅಚ್ಚಿನವರೆಗೆ ಹೂತುಹೋಗುತ್ತಿದ್ದವು. ನೆಲಮಾಳಿಗೆ ತೋಡಿದರೆ ಅದು ಬಾವಿಯಾಗುತ್ತಿತ್ತು.

ಇಟ್ಟಿಗೆ ಮತ್ತು ಗಾರೆಯ ಗೋಡೆಗೆ ಕೆಳಗಿನಿಂದ ನೀರು ಹೇಗೆ ಏರುತ್ತದೆಂಬುದು ನಮ್ಮ ಊರಿನವರಿಗೆ ತಿಳಿದ ಸಂಗತಿಯೇ. ಇಟ್ಟಿಗೆಯ ಸೂಕ್ಷ್ಮ ರಂಧ್ರಗಳು ದೀಪದ ಬತ್ತಿ ಎಣ್ಣೆ ಹೀರುವಂತೆ ನೆಲದ ನೀರನ್ನು ಹೀರುತ್ತವೆ. ನೀರು ಆವಿಯಾಗುವಲ್ಲಿ ಅದರೊಡನೆ ಬಂದ ಲವಣ ಉಳಿದು ಗಿಲಾವು ಉದುರುತ್ತದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಎತ್ತರದ ಜಗಲಿಯ ಮೇಲೆ, ಕಲ್ಲಿನ ತಳಪಾಯದ ಮೇಲೆ ಮನೆ ಕಟ್ಟುತ್ತಿದ್ದುದು, ಸೂರನ್ನು ಗೋಡೆಯಿಂದ ಬಹಳ ಮುಂದಕ್ಕೆ ಚಾಚುತ್ತಿದ್ದುದು ಇದೇ ಕಾರಣಕ್ಕೆ. ಶಿಕಾಗೊದ ಮೊದಲ ವಲಸಿಗರಿಗೆ ಅಷ್ಟು ವ್ಯವಧಾನವಿರಲಿಲ್ಲ. 1850ರಲ್ಲಿ ಸುಮಾರು 30,000 ಇದ್ದ ಜನಸಂಖ್ಯೆ 1860ರ ಹೊತ್ತಿಗೆ 1,12,000ವನ್ನು ದಾಟಿತು. ಊರು ಅವಸರದಲ್ಲಿ ಬೆಳೆಯಿತು.

ಈ ಅವಸರಕ್ಕೆ ಒದಗಿದ್ದು ಮರ. 1830ರ ದಶಕದಲ್ಲಿ ಶಿಕಾಗೊದಲ್ಲಿ ಒಂದು ಹೊಸ ಕಟ್ಟುವಿಕೆ ಬಳಕೆಗೆ ಬಂದಿತು. ಭಾರಿ ತೊಲೆಗಳ ಬದಲಿಗೆ ತೆಳ್ಳನೆಯ ಸೀಳು ಮರಗಳನ್ನು ಹತ್ತಿರ ಹತ್ತಿರ ನಿಲ್ಲಿಸಿ, ಕಾರ್ಖಾನೆಯ ಮೊಳೆಗಳಿಂದ ಬಡಿದು, ಮೇಲೆ ಹಲಗೆ ಹೊದಿಸುವುದು. ಇದಕ್ಕೆ ಬಲೂನ್ ಚೌಕಟ್ಟು ಎಂದು ಹೆಸರಾಯಿತು. ನುರಿತ ಬಡಗಿ ಬೇಕಿಲ್ಲ, ಕೆಲವೇ ದಿನಗಳಲ್ಲಿ ಮನೆ ನಿಲ್ಲುತ್ತದೆ. ಆದರೆ ಗೋಡೆಯೊಳಗಿನ ಪೊಳ್ಳು ತಳದಿಂದ ಮಾಡಿನವರೆಗೆ ತಡೆಯಿಲ್ಲದೆ ಸಾಗುತ್ತದೆ. ಕೆಳಗೆ ಕಿಡಿ ಬಿದ್ದರೆ ಪ್ರತಿ ಗೋಡೆಯೂ ಒಂದು ಹೊಗೆಗೂಡು.

1854ರಲ್ಲಿ ಕಾಲರಾ ಬಂದು ಸುಮಾರು 1,400 ಜನರನ್ನು ಕೊಂಡೊಯ್ದಿತು. ಆ ಕಾಲದ ವೈದ್ಯರಲ್ಲಿ ಬಹುಪಾಲು ಜನ ಕೊಳೆತ ತೇವದಿಂದ ಏಳುವ ಕೆಟ್ಟ ಗಾಳಿಯೇ ಕಾಲರಾಕ್ಕೆ ಕಾರಣವೆಂದು ನಂಬಿದ್ದರು. ಅದೇ ವರ್ಷ ಲಂಡನ್ನಿನಲ್ಲಿ ಜಾನ್ ಸ್ನೋ ಎಂಬ ವೈದ್ಯರು ಒಂದು ಬೀದಿಯ ಕೈಪಂಪಿನ ನೀರಿಗೂ ಕಾಲರಾಕ್ಕೂ ಇರುವ ನಂಟನ್ನು ತೋರಿಸಿದರು. ಆದರೆ ಆ ಅರಿವು ಒಪ್ಪಿಗೆ ಪಡೆಯಲು ದಶಕಗಳೇ ಬೇಕಾದವು. ಶಿಕಾಗೊದ ಮುಖಂಡರು ತಪ್ಪು ಸಿದ್ಧಾಂತವನ್ನು ನಂಬಿಯೇ ಸರಿಯಾದ ಕೆಲಸಕ್ಕೆ ಕೈಹಾಕಿದರು. ಊರಿನ ತೇವವನ್ನು ತೆಗೆಯಬೇಕೆಂದು 1855ರಲ್ಲಿ ಒಳಚರಂಡಿ ಮಂಡಲಿಯೊಂದನ್ನು ರಚಿಸಿ ಚೆಸ್‌ಬ್ರೊ ಅವರನ್ನು ಮುಖ್ಯ ಎಂಜಿನಿಯರಾಗಿ ನೇಮಿಸಿದರು.

ಊರನ್ನೇ ಎತ್ತುವ ಯೋಜನೆ

ಒಳಚರಂಡಿ ಹರಿಯಬೇಕಾದರೆ ಇಳಿಜಾರು ಬೇಕು. ನೆಲವನ್ನು ಅಗೆದು ಕೊಳವೆ ಹೂತರೆ ಅದರ ತುದಿ ನದಿಯ ನೀರಿಗಿಂತ ಕೆಳಗೆ ಹೋಗುತ್ತದೆ. ಚೆಸ್‌ಬ್ರೊ ನಾಲ್ಕು ದಾರಿಗಳನ್ನು ತೂಗಿ ನೋಡಿದರು: ಕೊಳೆಯನ್ನು ನದಿಗೆ ಬಿಡುವುದು, ನೇರವಾಗಿ ಸರೋವರಕ್ಕೆ ಬಿಡುವುದು, ತೊಟ್ಟಿಗಳಲ್ಲಿ ಕೂಡಿಟ್ಟು ಗೊಬ್ಬರವಾಗಿ ಹೊಲಗಳಿಗೆ ಪಂಪು ಮಾಡುವುದು, ಪಶ್ಚಿಮದ ಡೆಸ್ ಪ್ಲೇನ್ಸ್ ನದಿಯ ಕಡೆಗೆ ಆಳವಾದ ಕಾಲುವೆ ತೋಡಿ ಹರಿಸುವುದು. ಖರ್ಚಿನ ದೃಷ್ಟಿಯಿಂದ ಮೊದಲನೆಯದನ್ನು ಆರಿಸಿಕೊಳ್ಳಲಾಯಿತು.

ಅವರ ಸೂಚನೆಯ ಧೈರ್ಯವಿರುವುದು ಮುಂದಿನ ಹೆಜ್ಜೆಯಲ್ಲಿ. ಇಟ್ಟಿಗೆಯ ಕೊಳವೆಗಳನ್ನು ಬಹುತೇಕ ಇದ್ದ ರಸ್ತೆಯ ಮೇಲೆಯೇ ಬೇಕಾದ ಇಳಿಜಾರಿಗೆ ಕಟ್ಟಿ, ಅವುಗಳ ಮೇಲೆ ಮಣ್ಣು ತುಂಬಿ, ಹೊಸ ರಸ್ತೆ ಮಾಡುವುದು. ಕೆಲವೆಡೆ ರಸ್ತೆಯ ಮಟ್ಟ ಹತ್ತು ಅಡಿಯಷ್ಟು ಏರಬೇಕಾಯಿತು. ಇದ್ದ ಮನೆ, ಅಂಗಡಿ, ಹೋಟೆಲುಗಳು ಗುಂಡಿಯಲ್ಲಿ ಉಳಿಯುತ್ತವೆ. ಹಾಗಾದರೆ ಅವುಗಳನ್ನೂ ಎತ್ತಬೇಕು.

ಎತ್ತಿದರು. 1858ರ ಜನವರಿಯಲ್ಲಿ ರ್‍ಯಾಂಡಾಲ್ಫ್ ಮತ್ತು ಡಿಯರ್‌ಬಾರ್ನ್ ಬೀದಿಗಳ ಮೂಲೆಯಲ್ಲಿದ್ದ ನಾಲ್ಕು ಅಂತಸ್ತಿನ ಇಟ್ಟಿಗೆ ಕಟ್ಟಡವನ್ನು 200 ಸ್ಕ್ರೂ ಜಾಕ್‌ಗಳಿಂದ ಆರು ಅಡಿಗೂ ಹೆಚ್ಚು ಮೇಲೆತ್ತಲಾಯಿತು. ಗೋಡೆಯಲ್ಲಿ ಬಿರುಕು ಕಾಣಲಿಲ್ಲ. 1860ರಲ್ಲಿ ಲೇಕ್ ಬೀದಿಯಲ್ಲಿ 320 ಅಡಿ ಉದ್ದದ ಕಟ್ಟಡಗಳ ಒಂದು ಇಡೀ ಸಾಲನ್ನು ಸುಮಾರು 6,000 ಜಾಕ್‌ಗಳೂ 600 ಕೆಲಸಗಾರರೂ ಸೇರಿ ಐದು ದಿನಗಳಲ್ಲಿ ನಾಲ್ಕು ಅಡಿಗೂ ಹೆಚ್ಚು ಎತ್ತಿದರು. ಒಳಗೆ ವ್ಯಾಪಾರ ಎಂದಿನಂತೆ ನಡೆಯುತ್ತಿತ್ತು. ಕೆಲಸಗಾರರು ಸಂಕೇತದ ಸದ್ದು ಕೇಳಿದೊಡನೆ ತಮ್ಮ ಪಾಲಿನ ಜಾಕ್‌ಗಳನ್ನು ಒಂದೇ ಪ್ರಮಾಣದಲ್ಲಿ ತಿರುಗಿಸಬೇಕಿತ್ತು. ಮರುವರ್ಷ ಎತ್ತಿದ ಟ್ರೆಮಾಂಟ್ ಹೋಟೆಲಿನ ಕೆಲಸದಲ್ಲಿ, ಮುಂದೆ ರೈಲಿನ ಮಲಗುವ ಬೋಗಿಗಳಿಂದ ಪ್ರಸಿದ್ಧರಾದ ಜಾರ್ಜ್ ಪುಲ್ಮನ್ ಪಾಲುಗೊಂಡಿದ್ದರು. ಮರದ ಮನೆಗಳನ್ನಂತೂ ಉರುಳು ಮರಗಳ ಮೇಲಿಟ್ಟು ಬೇರೆ ಬೀದಿಗಳಿಗೇ ಸಾಗಿಸಿದರು.

ಕಟ್ಟಡಗಳನ್ನು ಎತ್ತಿದವರು ಖಾಸಗಿ ಗುತ್ತಿಗೆದಾರರು, ಖರ್ಚು ಕೊಟ್ಟವರು ಮಾಲೀಕರು. ಆದರೆ ಎಲ್ಲಿಯವರೆಗೆ ಎತ್ತಬೇಕೆಂದು ಹೇಳಿದ್ದು ಚೆಸ್‌ಬ್ರೊ ಅವರ ಒಳಚರಂಡಿಯ ಮಟ್ಟ. ಒಂದೊಂದು ಮನೆಯೂ ತನ್ನ ತೇವವನ್ನು ತಾನೇ ನೋಡಿಕೊಳ್ಳಬೇಕೆಂಬ ಹಳೆಯ ನಿಯಮದ ಜಾಗದಲ್ಲಿ, ಇಡೀ ಊರಿಗೆ ಒಂದೇ ತಳಪಾಯವೆಂಬ ಭಾವನೆ ಬಂದಿತು.

ಸರೋವರದ ಕೆಳಗಿನ ಸುರಂಗ

ಈ ಪರಿಹಾರ ತನ್ನ ಹಿಂದೆಯೇ ಇನ್ನೊಂದು ತೊಂದರೆಯನ್ನು ತಂದಿತು. ಮನೆಗಳಿಂದ ಹೊರಟ ಕೊಳೆ ನದಿಗೆ, ನದಿಯಿಂದ ಸರೋವರಕ್ಕೆ ಸೇರುತ್ತಿತ್ತು. ಊರು ಕುಡಿಯುವ ನೀರನ್ನು ಎತ್ತುತ್ತಿದ್ದುದು ಅದೇ ಸರೋವರದ ದಡಕ್ಕೆ ಹತ್ತಿರದಿಂದ. ಗೋಡೆ ಒಣಗಿತು, ಆದರೆ ಲೋಟದ ನೀರು ಕೆಟ್ಟಿತು.

ಇದನ್ನು ಸರಿಪಡಿಸಲು ಚೆಸ್‌ಬ್ರೊ ಇನ್ನೊಂದು ಸಾಹಸಕ್ಕೆ ಇಳಿದರು. ದಡದಿಂದ ಎರಡು ಮೈಲಿ ಒಳಗೆ, ಸರೋವರದ ತಳದ ಜೇಡಿಯಲ್ಲಿ, ಐದು ಅಡಿ ವ್ಯಾಸದ ಇಟ್ಟಿಗೆ ಸುರಂಗ. 1864ರ ಮಾರ್ಚ್ 17ರಂದು ಕೆಲಸ ಆರಂಭವಾಯಿತು. ದೇಶದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ದಡದ ಕಡೆಯಿಂದ ಒಂದು ತಂಡ, ಸರೋವರದ ಮಧ್ಯದಲ್ಲಿ ಇಳಿಸಿದ ಐದು ಮೂಲೆಯ ಭಾರಿ ಮರದ ಕಟ್ಟೆಯ ಕಡೆಯಿಂದ ಇನ್ನೊಂದು ತಂಡ ಕೊರೆಯುತ್ತಾ ಬಂದವು. 1866ರ ಕೊನೆಯಲ್ಲಿ ಎರಡೂ ಕೂಡಿದಾಗ ಅವುಗಳ ನಡುವಿನ ವ್ಯತ್ಯಾಸ ಕೆಲವೇ ಅಂಗುಲ. 1867ರ ಮಾರ್ಚಿನಲ್ಲಿ ನೀರು ಹರಿಯಿತು. ಸರಪಳಿ ಹಿಡಿದ ಹುಡುಗ ಕಲಿತ ಅಳತೆಯ ವಿದ್ಯೆ ಇಲ್ಲಿ ಸಾರ್ಥಕವಾಯಿತೆಂದು ನಾನು ಭಾವಿಸುತ್ತೇನೆ.

ಸುರಂಗದ ದಡದ ತುದಿಯಲ್ಲಿ ವಾಸ್ತುಶಿಲ್ಪಿ ವಿಲಿಯಂ ಬಾಯಿಂಗ್ಟನ್ ಪಂಪ್‌ಮನೆಯನ್ನೂ ಅದರೆದುರಿಗೆ ನೀರಿನ ಗೋಪುರವನ್ನೂ ನಿರ್ಮಿಸಿದರು. ಜೋಲಿಯೆಟ್‌ನ ಹಳದಿ ಛಾಯೆಯ ಸುಣ್ಣಕಲ್ಲಿನ ಕಟ್ಟಡಗಳು. 154 ಅಡಿ ಎತ್ತರದ ಗೋಪುರದೊಳಗೆ ಮೂರು ಅಡಿ ವ್ಯಾಸದ ಒಂದು ನೆಟ್ಟನೆಯ ಕೊಳವೆ. ಪಂಪಿನ ಪ್ರತಿ ಹೊಡೆತಕ್ಕೂ ಏರಿಳಿಯುವ ಒತ್ತಡವನ್ನು ಅದು ಸಮಗೊಳಿಸುತ್ತಿತ್ತು; ನಮ್ಮ ದೇಹದ ಮಹಾಧಮನಿ ಹೃದಯದ ಬಡಿತವನ್ನು ಸಮಗೊಳಿಸುವ ಹಾಗೆ. ಇಷ್ಟು ಒತ್ತಡದ ನೀರು ಬೀದಿ ಬೀದಿಗೆ ಬಂದ ಮೇಲೆ ಬೆಂಕಿಯ ಭಯವೂ ಕಡಿಮೆಯಾಯಿತೆಂದು ಜನ ನಂಬಿದರು.

1871ರ ಅಕ್ಟೋಬರ್

ಆ ವರ್ಷ ಬೇಸಿಗೆಯಿಂದ ಮಳೆ ಹೆಚ್ಚುಕಡಿಮೆ ಇರಲೇ ಇಲ್ಲ. ಅಕ್ಟೋಬರ್ 8ರ ಭಾನುವಾರ ರಾತ್ರಿ ಡಿಕೋವನ್ ಬೀದಿಯ ಒಂದು ಕೊಟ್ಟಿಗೆಯಲ್ಲಿ ಬೆಂಕಿ ಹುಟ್ಟಿತು. ಅಗ್ನಿಶಾಮಕರು ಹಿಂದಿನ ರಾತ್ರಿಯ ದೊಡ್ಡ ಬೆಂಕಿಯಿಂದ ದಣಿದಿದ್ದರು. ಕಾವಲು ಗೋಪುರದವನ ಅಂದಾಜು ತಪ್ಪಿ ಮೊದಲ ಕರೆ ಬೇರೆ ಜಾಗಕ್ಕೆ ಹೋಯಿತು. ನೈಋತ್ಯದಿಂದ ಬಿರುಗಾಳಿ ಬೀಸುತ್ತಿತ್ತು.

ಇಲ್ಲಿ ತೇವದ ಪರಿಹಾರವೂ ಬೆಂಕಿಯ ಕಥೆಯೂ ಒಂದನ್ನೊಂದು ಸೇರುತ್ತವೆ. ಕೆಸರಿನಿಂದ ಪಾರಾಗಲು ಊರು ನೂರಾರು ಮೈಲಿ ಉದ್ದದ ಹಲಗೆಯ ಕಾಲುದಾರಿಗಳನ್ನು ಹಾಕಿಕೊಂಡಿತ್ತು. ಅನೇಕ ಬೀದಿಗಳಿಗೆ ಪೈನ್ ಮರದ ತುಂಡುಗಳನ್ನೇ ಹಾಸಿತ್ತು. ರಸ್ತೆ ಎತ್ತರವಾದೆಡೆ ಕಾಲುದಾರಿಗಳು ಕಂಬಗಳ ಮೇಲೆ ನಿಂತಿದ್ದವು. ಅವುಗಳ ಕೆಳಗೆ ಗಾಳಿಯಾಡುವ ಪೊಳ್ಳು, ಅದರಲ್ಲಿ ಒಣಗಿದ ಕಸ. ಮಾಡುಗಳಿಂದ ನೀರು ಸೋರದಿರಲೆಂದು ಬಳಿದದ್ದು ಡಾಂಬರು. ಒದ್ದೆಯಿಂದ ಕಾಯಲು ಬಳಸಿದ ವಸ್ತುಗಳಲ್ಲಿ ಬಹುಪಾಲು ಉರಿಯುವ ವಸ್ತುಗಳೇ. ಬೆಂಕಿ ಮನೆಯಿಂದ ಮನೆಗೆ ಹೋಗಲು ಈ ದಾರಿಗಳು ಸಾಕಾದವು. ನದಿಯನ್ನೂ ಅದು ಎರಡು ಕಡೆ ದಾಟಿತು.

ಬೆಳಗಿನ ಜಾವ ಮೂರು ಗಂಟೆಯ ಸುಮಾರಿಗೆ ಗಾಳಿ ಹೊತ್ತು ತಂದ ಉರಿಯುವ ಮರದ ತುಂಡು ಪಂಪ್‌ಮನೆಯ ಮಾಡಿನ ಮೇಲೆ ಬಿದ್ದಿತು. ಕಲ್ಲಿನ ಗೋಡೆ, ಸರೋವರದ ಕೆಳಗೆ ಎರಡು ಮೈಲಿ ಸುರಂಗ, ಉಗಿಯ ಭಾರಿ ಯಂತ್ರಗಳು ಎಲ್ಲವೂ ಇದ್ದವು. ಆದರೆ ಮಾಡು ಉರಿಯಿತು, ಕುಸಿದು ಯಂತ್ರಗಳ ಮೇಲೆ ಬಿದ್ದಿತು, ಪಂಪುಗಳು ನಿಂತವು. ಅಲ್ಲಿಂದ ಮುಂದೆ ಕೊಳವೆಗಳಲ್ಲಿ ನೀರಿಲ್ಲ. ಅಗ್ನಿಶಾಮಕರಿಗೆ ಉಳಿದದ್ದು ನದಿ ಮತ್ತು ಸರೋವರದ ದಡದಲ್ಲಿ ನಿಂತು ಕೈಗೆಟುಕಿದಷ್ಟನ್ನು ಎರಚುವುದು. ಸೋಮವಾರ ರಾತ್ರಿ ಬಿದ್ದ ಮಳೆ ಬೆಂಕಿಯನ್ನು ತಣಿಸಿತು.

ಮೂರು ಚದರ ಮೈಲಿಗೂ ಹೆಚ್ಚು ಜಾಗ, 17,000ಕ್ಕೂ ಮಿಕ್ಕಿ ಕಟ್ಟಡಗಳು ನಾಶವಾದವು. ಸುಮಾರು 300 ಜನ ಸತ್ತರು. ಸುಮಾರು ಒಂದು ಲಕ್ಷ ಜನ, ಅಂದರೆ ಊರಿನ ಮೂರರಲ್ಲಿ ಒಂದು ಪಾಲು, ಮನೆ ಕಳೆದುಕೊಂಡರು. ಚೆಸ್‌ಬ್ರೊ ಅವರ ಒಳಚರಂಡಿಗಳು ನೆಲದಡಿಯಲ್ಲಿ ಬಹುಮಟ್ಟಿಗೆ ಉಳಿದವು. ಅವುಗಳ ಮೇಲಿದ್ದ ಊರು ಉಳಿಯಲಿಲ್ಲ. ಗೋಪುರ ನಿಂತಿತ್ತು. ಇಂದಿಗೂ ಮಿಷಿಗನ್ ಅವೆನ್ಯೂದಲ್ಲಿ ಪ್ರವಾಸಿಗರು ಅದರ ಎದುರು ಚಿತ್ರ ತೆಗೆಸಿಕೊಳ್ಳುತ್ತಾರೆ. ಬೀದಿಯಾಚೆಗಿನ ಪಂಪ್‌ಮನೆಯನ್ನು ನೋಡುವವರು ಕಡಿಮೆ. ನನಗೆ ಮಾತ್ರ ಪಾಠವಿರುವುದು ಆ ಮಾಡಿನಲ್ಲಿಯೇ ಎನಿಸುತ್ತದೆ. ರಕ್ಷಣೆಗೆಂದು ಇಟ್ಟ ವ್ಯವಸ್ಥೆಯಲ್ಲಿ ಅತ್ಯಂತ ದುರ್ಬಲವಾದ ಭಾಗ ಎಷ್ಟು ತಾಳುತ್ತದೆಯೋ ಇಡೀ ಊರು ಅಷ್ಟೇ ತಾಳುತ್ತದೆ.

ಬೂದಿಯ ನಂತರ

ಚೆಸ್‌ಬ್ರೊ ಅವರಿಗೆ ಆಗ ಐವತ್ತೆಂಟು ವರ್ಷ. ಪಂಪುಗಳನ್ನು ದುರಸ್ತಿ ಮಾಡಿ ನೀರು ಹರಿಸಿದ ಮೇಲೆ, ಒಂದೇ ಪಂಪ್‌ಮನೆಯನ್ನು ನಂಬಿಕೊಂಡಿರುವ ಪದ್ಧತಿಯನ್ನು ಬಿಡುವ ಕೆಲಸ ನಡೆಯಿತು. ಸರೋವರದ ಕೆಳಗೆ ಏಳು ಅಡಿ ವ್ಯಾಸದ ಎರಡನೆಯ ಸುರಂಗವನ್ನು ತೋಡಿ, ಅದನ್ನು ಊರಿನಡಿಯಲ್ಲಿ ಪಶ್ಚಿಮ ಭಾಗದವರೆಗೆ ಒಯ್ದು, ಅಲ್ಲಿ ಬೇರೆಯದೇ ಪಂಪ್‌ಮನೆ ಕಟ್ಟಲಾಯಿತು. ಸುರಂಗ 1874ರಲ್ಲಿ ಮುಗಿಯಿತು, ಪಂಪ್‌ಮನೆ 1876ರಲ್ಲಿ ಕೆಲಸಕ್ಕೆ ತೊಡಗಿತು. ಒಂದು ಕಡೆ ನಿಂತರೆ ಇನ್ನೊಂದು ಕಡೆಯಿಂದ ನೀರು ಬರುತ್ತದೆ. ದೇಹದಲ್ಲಿ ಎರಡು ಮೂತ್ರಪಿಂಡಗಳಿರುವುದರ ಅರ್ಥವನ್ನು ಬಲ್ಲ ವೈದ್ಯರಿಗೆ ಇದನ್ನು ವಿವರಿಸಬೇಕಿಲ್ಲ.

ಮೇಲಿನ ಕಟ್ಟಡಗಳ ವಿಷಯ ಅಷ್ಟು ಸುಲಭವಾಗಿರಲಿಲ್ಲ. ಬೆಂಕಿಯ ಮರು ತಿಂಗಳೇ ಮೇಯರ್ ಆಗಿ ಆಯ್ಕೆಯಾದ ಜೋಸೆಫ್ ಮೆಡಿಲ್ ನಗರದಲ್ಲಿ ಮರದ ಕಟ್ಟಡಗಳನ್ನೇ ನಿಷೇಧಿಸಬಯಸಿದರು. 1872ರ ಜನವರಿಯಲ್ಲಿ ಉತ್ತರ ಭಾಗದ ಕಾರ್ಮಿಕರು, ಬಹುಪಾಲು ಜರ್ಮನ್ ವಲಸಿಗರು, ಮೆರವಣಿಗೆಯಲ್ಲಿ ಬಂದು ವಿರೋಧಿಸಿದರು. ಇಟ್ಟಿಗೆ ಮನೆ ಕಟ್ಟುವ ಶಕ್ತಿ ಅವರಿಗಿರಲಿಲ್ಲ. ನಿಷೇಧವೆಂದರೆ ತಮ್ಮದೇ ನಿವೇಶನದಿಂದ ಅವರು ಹೊರಬೀಳುವುದೆಂದೇ ಅರ್ಥ. ಕೊನೆಗೆ ಊರಿನ ನಡುಭಾಗದ ಸುತ್ತ ಒಂದು ಎಲ್ಲೆ ಹಾಕಿ, ಅದರೊಳಗೆ ಮಾತ್ರ ಮರವನ್ನು ನಿಷೇಧಿಸುವ ರಾಜಿಯಾಯಿತು. 1874ರ ಜುಲೈನಲ್ಲಿ ಇನ್ನೊಂದು ಬೆಂಕಿ 800ಕ್ಕೂ ಹೆಚ್ಚು ಕಟ್ಟಡಗಳನ್ನು ಸುಟ್ಟಿತು. ಆಗ ವಿಮಾ ಕಂಪನಿಗಳು ಊರನ್ನೇ ಬಿಡುವ ಬೆದರಿಕೆ ಹಾಕಿದವು, ನಿಯಮಗಳು ಬಿಗಿಯಾದವು. ಸುರಕ್ಷತೆಯ ಖರ್ಚನ್ನು ಯಾರು ಹೊರಬೇಕೆಂಬ ಪ್ರಶ್ನೆ ಅಂದೂ ಇತ್ತು, ಇಂದೂ ಇದೆ.

ಈ ಹೊತ್ತಿನಲ್ಲಿ ಇನ್ನೊಂದು ಅರಿವು ಮೂಡಿತು. ಕಬ್ಬಿಣ ಉರಿಯುವುದಿಲ್ಲವೆಂದು ನಂಬಿ ಕಟ್ಟಿದ ಕಟ್ಟಡಗಳೂ ಬಿದ್ದಿದ್ದವು. ಕಾದ ಕಬ್ಬಿಣ ಬಲ ಕಳೆದುಕೊಳ್ಳುತ್ತದೆ. ಕಾದ ಎರಕದ ಕಂಬದ ಮೇಲೆ ತಣ್ಣೀರು ಬಿದ್ದರೆ ಸೀಳುತ್ತದೆ. ನ್ಯೂಯಾರ್ಕ್‌ನಿಂದ ಶಿಕಾಗೊಗೆ ಬಂದ ವಾಸ್ತುಶಿಲ್ಪಿ ಪೀಟರ್ ವೈಟ್ ಮುಂತಾದವರು ಕಬ್ಬಿಣಕ್ಕೆ ಸುಟ್ಟ ಜೇಡಿಮಣ್ಣಿನ ಹೊದಿಕೆ ಕೊಡುವ ವಿಧಾನವನ್ನು ಬೆಳೆಸಿದರು. ಒಮ್ಮೆ ಕುಲುಮೆಯಲ್ಲಿ ಬೆಂದ ಮಣ್ಣು ಮತ್ತೆ ಉರಿಯುವುದಿಲ್ಲ. ಅದನ್ನು ಪೊಳ್ಳು ಬಿಲ್ಲೆಗಳಾಗಿ ಮಾಡಿದರೆ ಒಳಗಿನ ಗಾಳಿ ಶಾಖವನ್ನು ತಡೆಯುತ್ತದೆ. ಅದೇ ಪೊಳ್ಳು ಬಿಲ್ಲೆಗಳನ್ನು ಹೊರಗೋಡೆಯ ಒಳಮೈಗೆ ಜೋಡಿಸಿದಾಗ ಇಟ್ಟಿಗೆಯಲ್ಲಿ ಇಳಿದ ಮಳೆಯ ತೇವ ಒಳಗಿನ ಗಿಲಾವಿಗೆ ದಾಟುವುದಿಲ್ಲ. ತೇವ ಮತ್ತು ಬೆಂಕಿ ಎರಡಕ್ಕೂ ಒಂದೇ ವಸ್ತು ಉತ್ತರವಾಯಿತು. ಶಿಕಾಗೊದ ಎತ್ತರದ ಕಟ್ಟಡಗಳ ಉಕ್ಕಿನ ಅಸ್ಥಿಪಂಜರದ ಮೇಲೆ ಈ ಮಣ್ಣಿನ ಮಾಂಸವಿದೆ.

ನಮ್ಮ ಕರಾವಳಿಗೆ ಈ ಉತ್ತರ ಬೇರೆ ದಾರಿಯಿಂದ ಇದೇ ಕಾಲದಲ್ಲಿ ಬಂದಿತ್ತು. 1860ರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮುಳಿಹುಲ್ಲು ಮತ್ತು ಮಡಲಿನ ಮಾಡು ಮಳೆಗೆ ಕೊಳೆಯುತ್ತಿತ್ತು, ಬೇಸಿಗೆಯಲ್ಲಿ ಕಿಡಿಗೆ ಉರಿಯುತ್ತಿತ್ತು. ಹೆಂಚು ಎರಡನ್ನೂ ತಡೆಯಿತು. ಮೈಸೂರಿನಲ್ಲಿ 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಮರದ ಅರಮನೆ ಸುಟ್ಟ ಮೇಲೆ ಹೆನ್ರಿ ಇರ್ವಿನ್ ಅವರ ನಕ್ಷೆಯಂತೆ 1912ರ ವೇಳೆಗೆ ಎದ್ದ ಹೊಸ ಅರಮನೆ ಕಲ್ಲು, ಇಟ್ಟಿಗೆ, ಕಬ್ಬಿಣಗಳದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಬಳಿಕ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲ ರಸ್ತೆ, ಗಾಳಿ ಬೆಳಕುಗಳೊಡನೆ ಬೆಳೆದವು. ಊರು ತನ್ನ ಕಟ್ಟಡಗಳನ್ನು ಸುಧಾರಿಸುವುದು ಬಹುಮಟ್ಟಿಗೆ ಪೆಟ್ಟು ತಿಂದ ಮೇಲೆಯೇ.

ಕೊನೆಯ ವರ್ಷಗಳು

ಚೆಸ್‌ಬ್ರೊ 1870ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘದ ಅಧ್ಯಕ್ಷರಾದರು. ಬೇರೆ ನಗರಗಳು ಅವರ ಸಲಹೆ ಪಡೆದವು. 1879ರಲ್ಲಿ ಶಿಕಾಗೊದ ಹುದ್ದೆಯಿಂದ ನಿವೃತ್ತರಾದರು. 1886ರ ಆಗಸ್ಟ್‌ನಲ್ಲಿ ತೀರಿಕೊಂಡರು.

ಅವರ ಕೆಲಸದ ಕೊರತೆಯನ್ನು ಮುಚ್ಚಿಡಬೇಕಾಗಿಲ್ಲ. ಕೊಳೆಯನ್ನು ನದಿಗೆ ಬಿಟ್ಟದ್ದರ ಬೆಲೆಯನ್ನು ಮುಂದಿನ ತಲೆಮಾರು ತೆತ್ತಿತು. ಊರು ಬೆಳೆದಂತೆ ಎರಡು ಮೈಲಿ ದೂರವೂ ಸಾಲದಾಯಿತು. 1891ರಲ್ಲಿ ಪ್ರತಿ ಲಕ್ಷ ಜನರಲ್ಲಿ ಸುಮಾರು 170 ಜನ ವಿಷಮಶೀತ ಜ್ವರದಿಂದ, ಅಂದರೆ ಟೈಫಾಯ್ಡಿನಿಂದ ಸತ್ತರು. ವೈದ್ಯನೊಬ್ಬ ಆ ಅಂಕಿಯನ್ನು ಓದಿ ಸುಮ್ಮನೆ ಮುಂದೆ ಹೋಗಲಾರ. 1855ರಲ್ಲಿ ಅವರೇ ತೂಗಿ ಬದಿಗಿಟ್ಟಿದ್ದ ನಾಲ್ಕನೆಯ ದಾರಿ, ಪಶ್ಚಿಮಕ್ಕೆ ಆಳವಾದ ಕಾಲುವೆ, ಅಂತಿಮ ಪರಿಹಾರವಾಯಿತು. 1871ರಲ್ಲಿಯೇ ಹಳೆಯ ಕಾಲುವೆಯನ್ನು ಆಳಗೊಳಿಸಿ ನದಿಯನ್ನು ತಾತ್ಕಾಲಿಕವಾಗಿ ಹಿಂದಕ್ಕೆ ಹರಿಸಿ ನೋಡಿದ್ದರು. 1900ರ ಜನವರಿಯಲ್ಲಿ ಹೊಸ ಕಾಲುವೆ ತೆರೆದು ನದಿಯ ದಿಕ್ಕನ್ನು ಶಾಶ್ವತವಾಗಿ ತಿರುಗಿಸಿದಾಗ ಅವರು ತೀರಿಕೊಂಡು ಹದಿಮೂರು ವರ್ಷಗಳಾಗಿದ್ದವು.

ನಮ್ಮ ಮನೆಗಳಲ್ಲಿ

ನಾನಿರುವ ಶಾಮ್‌ಬರ್ಗ್ ಚೆಸ್‌ಬ್ರೊ ಅವರ ಕಾಲದಲ್ಲಿ ಜರ್ಮನ್ ರೈತರ ಹೊಲಗಳ ನಾಡಾಗಿತ್ತು. ಇಂದು ನಮ್ಮ ನಲ್ಲಿಗೆ ಬರುವುದು ಶಿಕಾಗೊ ಮೂಲಕ ಬಂದ ಮಿಷಿಗನ್ ಸರೋವರದ ನೀರು. ನಮ್ಮ ಮನೆಗಳ ಅಡಿಯಲ್ಲಿಯೂ ನೀರು ಬೇಗ ಇಂಗದ ಅದೇ ಬಗೆಯ ಜೇಡಿ. ಆದ್ದರಿಂದ ಈ ಜೀವನಕಥೆಯಿಂದ ನಾವು ತೆಗೆದುಕೊಳ್ಳಬಹುದಾದುದು ಸಾಕಷ್ಟಿದೆ.

ನಮ್ಮ ನೆಲಮಾಳಿಗೆಯ ಗುಂಡಿಯಲ್ಲಿರುವ ಸಂಪ್ ಪಂಪ್ ಮನೆಯ ಮಟ್ಟಿಗೆ ಚೆಸ್‌ಬ್ರೊ ಅವರ ಪಂಪ್‌ಮನೆಯೇ. ಅದು ಅತ್ಯಗತ್ಯವಾಗುವುದು ಬಿರುಗಾಳಿ ಮಳೆಯ ರಾತ್ರಿ. ವಿದ್ಯುತ್ ಹೋಗುವುದೂ ಅದೇ ರಾತ್ರಿ. ಬ್ಯಾಟರಿಯಿಂದ ನಡೆಯುವ ಎರಡನೆಯ ಪಂಪು ಇಲ್ಲದ ಮನೆ, ಒಂದೇ ಮಾಡನ್ನು ನಂಬಿದ 1871ರ ಊರಿನಂತೆ. ನೀರು ನುಗ್ಗಿದ ಮನೆಯನ್ನು ಒಂದೆರಡು ದಿನಗಳೊಳಗೆ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಉಬ್ಬಸವಿರುವ ಮಕ್ಕಳಿಗೆ ಅದರಿಂದ ಆಗುವ ತೊಂದರೆಯನ್ನು ವೈದ್ಯರು ದಿನವೂ ನೋಡುತ್ತಾರೆ.

ಗೋಡೆಗೆ ಹೊದಿಸುವ ಜಿಪ್ಸಮ್ ಹಲಗೆಯನ್ನೇ ತೆಗೆದುಕೊಳ್ಳಿ. ಅದು ಬೆಂಕಿಯನ್ನು ತಡೆಯುವುದು ತನ್ನ ಹರಳುಗಳಲ್ಲಿ ಬಂಧಿಸಿಟ್ಟುಕೊಂಡ ನೀರಿನಿಂದ. ಅದರ ತೂಕದ ಐದರಲ್ಲಿ ಒಂದು ಪಾಲು ನೀರು. ಆ ನೀರು ಆವಿಯಾಗಿ ಮುಗಿಯುವವರೆಗೆ ಹಿಂಬದಿಯ ಮರ ಸುರಕ್ಷಿತ. ಆದರೆ ಹೊರಗಿನ ನೀರು ತಾಗಿದರೆ ಅದೇ ಹಲಗೆ ಮೆತ್ತಗಾಗುತ್ತದೆ, ಮೇಲಿನ ಕಾಗದ ಬೂಷ್ಟಿಗೆ ಆಹಾರವಾಗುತ್ತದೆ. ನೆನೆದ ಹಲಗೆಯನ್ನು ಕಿತ್ತು ಹಾಗೆಯೇ ಬಿಟ್ಟರೆ ಗೋಡೆಯ ಮರ ಬೆಂಕಿಗೆ ಬರಿಮೈ. ತೇವದ ದುರಸ್ತಿ ಮಾಡಿಸುವಾಗ ಬೆಂಕಿಯ ಹೊದಿಕೆ ಮತ್ತೆ ಬಂದಿತೇ ಎಂದು ಕೇಳಬೇಕು. ಗ್ಯಾರೇಜಿಗೂ ಮನೆಗೂ ನಡುವಿನ ಗೋಡೆಯಲ್ಲಿ ಇದು ಇನ್ನೂ ಮುಖ್ಯ.

ನಮ್ಮ ಮನೆಗಳು ಹಳೆಯ ಬಲೂನ್ ಚೌಕಟ್ಟಿನ ವಂಶದವೇ. ಈಗ ಪ್ರತಿ ಅಂತಸ್ತಿನಲ್ಲಿ ಗೋಡೆಯ ಪೊಳ್ಳನ್ನು ಅಡ್ಡಮರದಿಂದ ಮುಚ್ಚುತ್ತಾರೆ. ಕೊಳವೆ, ತಂತಿ ಎಳೆಯಲು ಅದನ್ನು ಕೊರೆದವರು ರಂಧ್ರವನ್ನು ಮುಚ್ಚಿ ಹೋದರೇ ನೋಡಬೇಕು. ಊರಿನಿಂದ ಬಂದ ತಂದೆತಾಯಿಗಳಿಗೆ ನೆಲಮಾಳಿಗೆಯಲ್ಲಿ ಮಲಗುವ ಕೋಣೆ ಮಾಡುವವರು ನಮ್ಮಲ್ಲಿ ಅನೇಕರು. ಆ ಕೋಣೆ ಒಣಗಿದ್ದರೆ ಸಾಲದು. ಹೊಗೆಯ ಎಚ್ಚರಗಂಟೆ ಇರಬೇಕು, ಹೊರಗೆ ಹತ್ತಿ ಹೋಗುವಷ್ಟು ದೊಡ್ಡ ಕಿಟಕಿಯೂ ಇರಬೇಕು. ಮೊಣಕಾಲು ನೋವಿನ ಅಜ್ಜಿ ಆ ಕಿಟಕಿಯಿಂದ ಹೊರಬರಬಲ್ಲಳೇ ಎಂದು ಯೋಚಿಸಬೇಕು. ಬರಲಾರಳೆಂದಾದರೆ ಆಕೆಯ ಹಾಸಿಗೆಯನ್ನು ಮೇಲಿನ ಅಂತಸ್ತಿಗೆ ತರುವುದೇ ಸರಿ.

ಸುಟ್ಟು ಕುಸಿದಿದ್ದ ಶಿಕಾಗೊದ ಆ ಪಂಪ್‌ಮನೆಯನ್ನು ಮತ್ತೆ ಕಟ್ಟಿದರು. ಗೋಪುರ ಇಂದು ಸ್ಮಾರಕ ಮಾತ್ರ. ಪಂಪ್‌ಮನೆ ಈಗಲೂ ಊರಿಗೆ ನೀರು ಕೊಡುತ್ತಿದೆ. ಊರಿನಿಂದ ಬಂದ ನೆಂಟರಿಗೆ ಗೋಪುರವನ್ನು ತೋರಿಸಲು ಹೋದಾಗ ಬೀದಿ ದಾಟಿ ಅದನ್ನೂ ನೋಡಿ ಬರಬೇಕೆಂದು ಓದುಗರಲ್ಲಿ ನನ್ನ ವಿನಂತಿ.